ಮೊದಲು ದಾರಿ, ಆಮೇಲೆ ಸೈಕಲ್

ಜೂನ್ 3 ವಿಶ್ವ ಸೈಕಲ್ ದಿನ. 2018ರಲ್ಲಿ ವಿಶ್ವಸಂಸ್ಥೆ ಗೊತ್ತುಮಾಡಿದ ದಿನವಿದು. ನಮ್ಮ ಊರುಗಳಲ್ಲೂ ಅಂದು ಜಾಥಾ ನಡೆಯುತ್ತದೆ. ಸೈಕಲ್ ತುಳಿದರೆ ಮೈಗೆ ಒಳ್ಳೆಯದು, ಹೊಗೆಯಿಲ್ಲ, ಪೆಟ್ರೋಲಿನ ಖರ್ಚಿಲ್ಲ ಎಂದು ಮಕ್ಕಳಿಗೆ ಹೇಳುತ್ತೇವೆ. ಹೇಳುವುದೆಲ್ಲ ನಿಜವೇ. ಆದರೆ ಮರುದಿನ ಅದೇ ಮಗು "ನಾನು ಸ್ಕೂಲಿಗೆ ಸೈಕಲ್ಲಲ್ಲೇ ಹೋಗ್ತೀನಮ್ಮಾ" ಎಂದರೆ ಎಷ್ಟು ಮನೆಗಳಲ್ಲಿ ಹೂಂ ಅನ್ನುತ್ತಾರೆ? "ಮೇನ್ ರೋಡ್ ದಾಟ್ಬೇಕಲ್ಲ ಪುಟ್ಟಾ, ಬೇಡ. ಅಪ್ಪ ಗಾಡೀಲಿ ಬಿಡ್ತಾರೆ" ಎನ್ನುವ ಉತ್ತರವೇ ಹೆಚ್ಚು. ಆ ತಾಯಿಗೆ ಪರಿಸರದ ಕಾಳಜಿ ಕಡಿಮೆ ಎಂದಲ್ಲ. ರಸ್ತೆಯನ್ನು ಆಕೆ ದಿನಾ ಕಣ್ಣಾರೆ ನೋಡುತ್ತಿದ್ದಾಳೆ, ಅಷ್ಟೆ.

ಆಕೆಯ ಭಯಕ್ಕೆ ಆಧಾರವಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಕರ್ನಾಟಕದಲ್ಲೇ 11 ಸಾವಿರಕ್ಕೂ ಹೆಚ್ಚು ಜೀವ ಹೋಯಿತು. ದೇಶದಲ್ಲಿ ಸತ್ತವರ ಪೈಕಿ ಕಾಲ್ನಡಿಗೆಯಲ್ಲಿದ್ದವರು 32 ಸಾವಿರಕ್ಕೂ ಹೆಚ್ಚು, ಸೈಕಲ್ ಮೇಲಿದ್ದವರು 4,800ಕ್ಕೂ ಹೆಚ್ಚು. ಬೇರೆಯವರಿಗೆ ಹೆಚ್ಚು ಪೆಟ್ಟು ಮಾಡಲಾರದ ಹಾಗೆ ನಡೆದೋ ತುಳಿದೋ ಹೋಗುತ್ತಿದ್ದ ಜನ ಇವರು. ಇದನ್ನೆಲ್ಲ ಬಲ್ಲ ಹೆತ್ತವರಿಗೆ "ಸೈಕಲ್ ಕೊಡಿಸಿ" ಎಂದು ಹೇಳುವ ಮೊದಲು ಆ ಸೈಕಲ್ ಓಡುವ ದಾರಿಯ ಮಾತಾಡಬೇಕು. ದಾರಿ ಪೂರ್ತಿ ಸರಿಹೋದ ಕಡೆ ಜನ ಸೈಕಲ್ ಹತ್ತಿದ್ದಾರೆ. ದಾರಿ ಹಾಗೇ ಇಟ್ಟುಕೊಂಡು ಬರೀ ಕರೆ ಕೊಟ್ಟಲ್ಲಿ ಹತ್ತಿಲ್ಲ. ಐವತ್ತು ವರ್ಷಗಳ ಅನುಭವ ಹೇಳುವುದು ಇದನ್ನೇ.

ಬೀದಿಗಿಳಿದ ತಾಯಂದಿರು

ನೆದರ್‌ಲೆಂಡ್ಸ್ ಸೈಕಲ್ಲಿನ ದೇಶ ಎಂದು ಎಲ್ಲರಿಗೂ ಗೊತ್ತು. ಅಲ್ಲಿ ನೆಲ ಸಪಾಟು, ಜನ ಮೊದಲಿನಿಂದಲೂ ಹಾಗೇ, ನಮ್ಮಲ್ಲಿ ಅದೆಲ್ಲ ಆಗುವ ಮಾತಲ್ಲ ಎನ್ನುವುದೂ ಅದರ ಬೆನ್ನಿಗೇ ಬರುತ್ತದೆ. 1970ರ ಸುಮಾರಿನ ನೆದರ್‌ಲೆಂಡ್ಸ್ ಕಂಡವರು ಹಾಗೆ ಹೇಳುತ್ತಿರಲಿಲ್ಲ. ಎರಡನೇ ಮಹಾಯುದ್ಧ ಮುಗಿದು ಕೈಯಲ್ಲಿ ಕಾಸು ಓಡಾಡತೊಡಗಿದ ಮೇಲೆ ಡಚ್ಚರೂ ಕಾರು ಕೊಂಡರು. ಕಾರಿಗೆ ಜಾಗ ಸಾಲದಾಯಿತು. ಹಳೆಯ ಬೀದಿಗಳನ್ನು ಅಗಲ ಮಾಡಿದರು, ಇದ್ದ ಸೈಕಲ್ ಪಥಗಳನ್ನು ಕಿತ್ತರು, ಊರ ನಡುವಿನ ಚೌಕಗಳನ್ನು ಕಾರು ನಿಲ್ಲಿಸಲು ಬಿಟ್ಟರು. ಆಮ್‌ಸ್ಟರ್‌ಡಾಮ್‌ನ ಕಾಲುವೆಗಳನ್ನೇ ಮುಚ್ಚಿ ರಸ್ತೆ ಮಾಡುವ ಸಲಹೆಯನ್ನು 1954ರಲ್ಲಿ ಅಲ್ಲಿನ ಪೊಲೀಸ್ ಮುಖ್ಯಸ್ಥರು ಮುಂದಿಟ್ಟಿದ್ದರು. ನೆಲ ಆಗಲೂ ಸಪಾಟಾಗಿಯೇ ಇತ್ತು. ಆದರೂ ಸೈಕಲ್ಲುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದವು.

1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಪತ್ರಕರ್ತ ವಿಕ್ ಲಾಂಗೆನ್‌ಹಾಫ್ ಅವರ ಮಗಳೂ ರಸ್ತೆಯಲ್ಲೇ ಜೀವ ಬಿಟ್ಟಳು. 1972ರಲ್ಲಿ ಅವರು 'ಡೆ ಟೈಡ್' ಪತ್ರಿಕೆಯಲ್ಲಿ ಬರೆದರು. 'ಮಕ್ಕಳ ಕೊಲೆ ನಿಲ್ಲಿಸಿ' ಎನ್ನುವುದು ಆ ಲೇಖನದ ತಲೆಬರಹ. ಅದೇ ಹೆಸರಿನಲ್ಲಿ ಒಂದು ಚಳವಳಿ ಹುಟ್ಟಿತು. ಅದರ ಮೊದಲ ಅಧ್ಯಕ್ಷೆ ಮಾರ್ತ್ಯೆ ಫಾನ್ ಪುಟ್ಟೆನ್ ಆಗ ಎಳೆ ಮಗುವಿನ ತಾಯಿ. ಮುಂದೆ ಆಕೆ ಯುರೋಪಿಯನ್ ಸಂಸತ್ತಿನ ಸದಸ್ಯೆಯೂ ಆದರು.

ಈ ತಾಯಂದಿರು ಮಾಡಿದ್ದು ನೋಡಿದರೆ ನಮ್ಮೂರ ಹೆಂಗಸರಿಗೂ ಹೊಸದೆನಿಸದು. ಬೀದಿಗೆ ಅಡ್ಡ ಮೇಜು ಹಾಕಿ ಊಟಕ್ಕೆ ಕೂತರು. ಕಾರು ಬರದಂತೆ ಬೀದಿ ಮುಚ್ಚಿ ಮಕ್ಕಳನ್ನು ಆಡಲು ಬಿಟ್ಟರು. ಅಪಘಾತ ಎಲ್ಲೆಲ್ಲಿ ಆಗುತ್ತಿದೆ ಎಂದು ಗುರುತು ಮಾಡಿ, ಆ ಪಟ್ಟಿ ಹಿಡಿದು ಪುರಸಭೆಗೆ ಹೋದರು. ಸೈಕಲ್ ಮೇಲೆ ಹಾಡುತ್ತ ಪ್ರಧಾನಿ ಯೋಪ್ ಡೆನ್ ಅಯ್ಲ್ ಅವರ ಮನೆ ಬಾಗಿಲಿಗೇ ಹೋದರು, ಅವರು ಹೊರಬಂದು ಅಹವಾಲು ಕೇಳಿದರು. ಆಮ್‌ಸ್ಟರ್‌ಡಾಮ್‌ನ ಡೆ ಪೈಪ್ ಎಂಬ ಇಕ್ಕಟ್ಟಾದ ಬಡಾವಣೆಯಲ್ಲಿ ಶಾಲಾ ಮಕ್ಕಳೇ ಮುಂದೆ ನಿಂತು ಬೀದಿ ಬಂದ್ ಮಾಡಿದರು. ಅಷ್ಟರಲ್ಲಿ 1973ರ ತೈಲ ಬಿಕ್ಕಟ್ಟು ಬಂತು. ಇಂಧನ ಉಳಿಸಲು ಆ ವರ್ಷದ ನವೆಂಬರ್ 4ರಿಂದ ಸರ್ಕಾರ ಭಾನುವಾರಗಳಂದು ಕಾರು ಓಡಾಟ ನಿಲ್ಲಿಸಿತು. ಕಾರಿಲ್ಲದ ಊರು ಹೇಗಿರುತ್ತದೆ ಎಂಬುದನ್ನು ಜನ ಮತ್ತೊಮ್ಮೆ ಕಂಡಿದ್ದು ಆಗಲೇ.

ಡೆಲ್ಫ್ಟ್ ಪಟ್ಟಣದ ಎಂಜಿನಿಯರ್ ಯೋಸ್ಟ್ ಫಾಲ್ ಮಾಡಿದ ಕೆಲಸ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಆತ ಬಡಾವಣೆಯ ಬೀದಿಗಳ ನೇರ ಓಟವನ್ನು ಮುರಿದರು. ದಾರಿಗೆ ಅಲ್ಲಲ್ಲಿ ಬಳುಕು ಕೊಟ್ಟು, ನಡುವೆ ಮರ ನೆಟ್ಟು, ಹಂಪ್ ಹಾಕಿ, ಕಲ್ಲು ಹಾಸಿದರು. ಫುಟ್‌ಪಾತ್ ಬೇರೆ, ರಸ್ತೆ ಬೇರೆ ಎಂಬ ಗೆರೆಯನ್ನೇ ಅಳಿಸಿದರು. ಅಲ್ಲಿ ವೇಗವಾಗಿ ಹೋಗಬೇಕೆಂದರೂ ಹೋಗಲಾಗದು. 1976ರಲ್ಲಿ ಈ ಬಗೆಯ ಬೀದಿಗಳಿಗೆ ಕಾನೂನಿನ ಮಾನ್ಯತೆಯೂ ಸಿಕ್ಕಿತು. ಅಂಥ ಬೀದಿಯಲ್ಲಿ ಕಾರು ಮನುಷ್ಯ ನಡೆಯುವ ವೇಗದಲ್ಲೇ ಸಾಗಬೇಕೆಂದಾಯಿತು. "ನಿಧಾನವಾಗಿ ಚಲಿಸಿ" ಎಂದು ಬೋರ್ಡ್ ಹಾಕಿ ಕೈತೊಳೆದುಕೊಳ್ಳುವುದಕ್ಕೂ ನಿಧಾನವಾಗಿಯೇ ಹೋಗಬೇಕಾದ ರಸ್ತೆ ಕಟ್ಟುವುದಕ್ಕೂ ಇರುವ ಅಂತರ ಎಷ್ಟು ದೊಡ್ಡದೆಂದು ಯೋಚಿಸಿ.

ಹದಿನಾಲ್ಕು ಮೀಟರ್

ವೇಗದ ಲೆಕ್ಕವನ್ನು ಕಣ್ಣೆದುರು ತಂದುಕೊಂಡರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಅಡ್ಡರಸ್ತೆಯಿಂದ ಒಬ್ಬ ಹುಡುಗ ಸೈಕಲ್ ಮೇಲೆ ಥಟ್ಟನೆ ಬಂದ ಎಂದುಕೊಳ್ಳಿ. ಕಾರು ಅವನಿಂದ 14 ಮೀಟರ್ ದೂರದಲ್ಲಿದೆ. ಕಂಡದ್ದು ತಲೆಗೆ ಹೋಗಿ ಕಾಲು ಬ್ರೇಕಿಗೆ ಬೀಳಲು ಚಾಲಕನಿಗೆ ಸುಮಾರು ಒಂದು ಸೆಕೆಂಡ್ ಬೇಕು. ಕಾರು ಗಂಟೆಗೆ 30 ಕಿ.ಮೀ. ವೇಗದಲ್ಲಿದ್ದರೆ ಆ ಸೆಕೆಂಡಿನಲ್ಲಿ 8 ಮೀಟರ್ ಸಾಗುತ್ತದೆ, ಬ್ರೇಕ್ ಹಿಡಿದ ಮೇಲೆ ಇನ್ನೊಂದು 5 ಮೀಟರ್. ಹುಡುಗನ ಮುಂದೆ ಒಂದು ಹೆಜ್ಜೆ ಜಾಗ ಬಿಟ್ಟು ನಿಲ್ಲುತ್ತದೆ. ಅದೇ ಕಾರು 50ರ ವೇಗದಲ್ಲಿದ್ದರೆ ಬ್ರೇಕ್ ಮೇಲೆ ಕಾಲಿಡುವಷ್ಟರಲ್ಲೇ 14 ಮೀಟರ್ ಮುಗಿದಿರುತ್ತದೆ. ವೇಗ ಒಂದು ಕೂದಲೂ ಇಳಿಯುವ ಮೊದಲೇ ಕಾರು ಹುಡುಗನಿಗೆ ಬಡಿದಿರುತ್ತದೆ. ಎರಡೂ ಕಡೆ ಅದೇ ಕಾರು, ಅದೇ ಚಾಲಕ, ಅದೇ ಎಚ್ಚರಿಕೆ, ಅದೇ ಹುಡುಗ. ಹೊಡೆತದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 30ಕ್ಕೂ 50ಕ್ಕೂ ಹೋಲಿಸಿದರೆ ಅದು ಸುಮಾರು ಮೂರು ಪಟ್ಟಾಗುತ್ತದೆ. ಜನ ಓಡಾಡುವ ಬೀದಿಗಳಲ್ಲಿ ಮಿತಿ 30 ಕಿ.ಮೀ. ಇರಲಿ ಎಂದು 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸೇರಿದ್ದ ದೇಶಗಳು ಘೋಷಿಸಿದ್ದು ಈ ಲೆಕ್ಕದ ಮೇಲೆಯೇ.

ನಮ್ಮಲ್ಲಿ 2018ರ ಕೇಂದ್ರ ಅಧಿಸೂಚನೆಯ ಪ್ರಕಾರ ಪೌರಾಡಳಿತ ವ್ಯಾಪ್ತಿಯ ರಸ್ತೆಗಳಲ್ಲಿ ಕಾರಿನ ಗರಿಷ್ಠ ಮಿತಿ 70 ಕಿ.ಮೀ. ರಾಜ್ಯಗಳು ಅದನ್ನು ಇಳಿಸಬಹುದು. ಅಲ್ಲಲ್ಲಿ ಇಳಿಸಿಯೂ ಇದ್ದಾರೆ. ಆದರೆ ಬೋರ್ಡಿನಲ್ಲಿ 40 ಎಂದು ಬರೆದು ರಸ್ತೆಯನ್ನು 80ಕ್ಕೆ ಕಟ್ಟಿದರೆ ಜನ ಓದುವುದು ರಸ್ತೆಯನ್ನೇ. 2022ರ ವರದಿ ಹತ್ತರಲ್ಲಿ ಏಳು ಸಾವಿಗೆ ಅತಿವೇಗ ಕಾರಣ ಎನ್ನುತ್ತದೆ. ಪೊಲೀಸ್ ದಾಖಲೆಯಲ್ಲಿ ಅದು ಚಾಲಕನ ತಪ್ಪು ಎಂದಾಗಿ ಅಲ್ಲಿಗೇ ಮುಗಿಯುತ್ತದೆ. ಊರೊಳಗೆ ಆ ವೇಗಕ್ಕೆ ಅವಕಾಶ ಕೊಟ್ಟ ರಸ್ತೆಯ ಅಗಲ, ಅದರ ನೇರ, ಹಿಗ್ಗಿಸಿದ ತಿರುವು, ಇವು ಯಾವುವೂ ಎಫ್‌ಐಆರ್‌ನಲ್ಲಿ ಬರುವುದಿಲ್ಲ. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಜೀವ ಹೋಗಬಾರದು, ಹಾಗೆ ರಸ್ತೆ ಕಟ್ಟುವುದು ಕಟ್ಟುವವರ ಹೊಣೆ ಎಂಬ ನೀತಿಯನ್ನು ಸ್ವೀಡನ್ನಿನ ಸಂಸತ್ತು 1997ರಲ್ಲಿ ಒಪ್ಪಿಕೊಂಡಿತು. ನಮ್ಮ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 198ಎ ಕಲಮಿನಲ್ಲೂ ಇದರ ನೆರಳಿದೆ. ರಸ್ತೆಯ ವಿನ್ಯಾಸ ಅಥವಾ ನಿರ್ವಹಣೆ ಮಾನದಂಡಕ್ಕೆ ತಪ್ಪಿ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆ ಹೊತ್ತ ಪ್ರಾಧಿಕಾರ, ಗುತ್ತಿಗೆದಾರ ಅಥವಾ ಸಲಹೆಗಾರನಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಒಂದು ಜೀವದ ಮುಂದೆ ಆ ಮೊತ್ತ ಏನೂ ಅಲ್ಲ. ಆದರೂ ರಸ್ತೆ ಕಟ್ಟುವವರಿಗೂ ಹೊಣೆಯಿದೆ ಎಂಬ ಮಾತು ಕಾನೂನಿನೊಳಗೆ ಬಂದದ್ದು ದೊಡ್ಡ ಹೆಜ್ಜೆ. ಅದನ್ನು ಬಳಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಒಂದು ಪಥ ಸಾಲದು

ಡಚ್ಚರ ಕಥೆಯಲ್ಲಿ ಹೆಚ್ಚು ಜನಕ್ಕೆ ತಿಳಿಯದ ಅಧ್ಯಾಯ ಒಂದಿದೆ. ನಮ್ಮ ನಗರಗಳಿಗೆ ತುರ್ತಾಗಿ ಬೇಕಿರುವುದು ಅದೇ. 1970ರ ದಶಕದ ನಡುವೆ ಅಲ್ಲಿನ ಸರ್ಕಾರ ಹಣ ಕೊಟ್ಟು ಟಿಲ್‌ಬರ್ಗ್ ಮತ್ತು ಹೇಗ್ ನಗರಗಳಲ್ಲಿ ಒಂದೊಂದು ಮಾದರಿ ಸೈಕಲ್ ಮಾರ್ಗ ಮಾಡಿಸಿತು. ಅಗಲವಾದ, ಕೆಂಪು ಮೇಲ್ಮೈಯ, ಕಾರುಗಳಿಂದ ಪೂರ್ತಿ ಬೇರ್ಪಟ್ಟ ಮಾರ್ಗಗಳವು. ಹೇಗ್‌ನಲ್ಲಿ ಅಂಗಡಿಯವರು ವ್ಯಾಪಾರ ಹೋಗುತ್ತದೆಂದು ಗಲಾಟೆಯನ್ನೂ ಮಾಡಿದರು. ಮಾರ್ಗವಾದ ಮೇಲೆ ಎಣಿಸಿ ನೋಡಿದರೆ ಆ ಹಾದಿಯಲ್ಲಿ ಸೈಕಲ್ಲುಗಳು ಹೆಚ್ಚಿದ್ದವು, ಸವಾರರಿಗೆ ಹಾಯೆನಿಸಿತ್ತು. ಆದರೆ ಅವರಲ್ಲಿ ಬಹುಪಾಲು ಜನ ಪಕ್ಕದ ಬೀದಿಗಳನ್ನು ಬಿಟ್ಟು ಇಲ್ಲಿಗೆ ಬಂದವರು. ಇಡೀ ಊರಿನ ಲೆಕ್ಕದಲ್ಲಿ ಸೈಕಲ್ ಬಳಕೆ ಹೇಳಿಕೊಳ್ಳುವಷ್ಟು ಏರಿರಲಿಲ್ಲ.

ಆ ಪಾಠ ಕಲಿತು ಡೆಲ್ಫ್ಟ್ ಬೇರೆ ರೀತಿ ಯೋಚಿಸಿತು. 1980ರ ದಶಕದಲ್ಲಿ ಅದು ಇಡೀ ಊರಿಗೆ ಮೂರು ಹಂತದ ಜಾಲ ಹೆಣೆಯಿತು. ಊರನ್ನು ಅಡ್ಡ ಹಾಯುವ ಮುಖ್ಯ ಮಾರ್ಗಗಳು ಸುಮಾರು ಅರ್ಧ ಕಿಲೋಮೀಟರಿಗೊಂದು, ಬಡಾವಣೆಗಳನ್ನು ಕೂಡಿಸುವವು ಅದರ ಅರ್ಧ ಅಂತರದಲ್ಲಿ, ಅದರೊಳಗೆ ಮನೆ ಬಾಗಿಲಿಗೆ ಮುಟ್ಟಿಸುವ ಚಿಕ್ಕ ದಾರಿಗಳು. ಅದರಲ್ಲಿ ಹೆಚ್ಚಿನದು ಹೊಸದಾಗಿ ಕಟ್ಟಿದ್ದೂ ಅಲ್ಲ. ಇಲ್ಲೊಂದು ಪುಟ್ಟ ಸೇತುವೆ, ಅಲ್ಲೊಂದು ಕೆಳಸೇತುವೆ, ಇನ್ನೆಲ್ಲೋ ಕಾರಿಗೆ ಮುಚ್ಚಿ ಸೈಕಲ್ಲಿಗೆ ಮಾತ್ರ ತೆರೆದ ಓಣಿ, ಹೀಗೆ ಕಡಿದುಹೋದ ಕಡೆಗಳನ್ನು ಜೋಡಿಸಿದರು. ಆಗ ಊರಿನ ಒಟ್ಟು ಸೈಕಲ್ ಬಳಕೆಯೇ ಏರಿತು. ಮನೆಯ ನಲ್ಲಿಗೆ ನೀರು ಬರಬೇಕಾದರೆ ಪೈಪು ಟ್ಯಾಂಕಿನಿಂದ ಮನೆಯವರೆಗೂ ಕಡಿಯದೆ ಬರಬೇಕು. ನಡುವೆ ಎರಡು ಮಾರು ಇಲ್ಲದಿದ್ದರೂ ಉಳಿದ ಒಂದು ಮೈಲಿ ಪೈಪು ಇದ್ದೂ ಇಲ್ಲದಂತೆ. ಸೈಕಲ್ ದಾರಿಯೂ ಅಷ್ಟೆ. ನಾಲ್ಕು ಕಿಲೋಮೀಟರ್ ನೆಮ್ಮದಿಯಾಗಿ ಹೋಗಿ ಕೊನೆಯ ಸರ್ಕಲ್ಲಿನಲ್ಲಿ ಲಾರಿ ಬಸ್ಸುಗಳ ನಡುವೆ ನುಗ್ಗಬೇಕು ಎಂದರೆ ಆ ತಾಯಿ ಮಗುವನ್ನು ಕಳಿಸುವುದಿಲ್ಲ.

ಕೊನೆಗೆ ತೀರ್ಮಾನವಾಗುವುದು ಸರ್ಕಲ್ಲುಗಳಲ್ಲೇ. ನಮ್ಮ ಯಾವುದೇ ದೊಡ್ಡ ಜಂಕ್ಷನ್ನಿನಲ್ಲಿ ಐದು ನಿಮಿಷ ನಿಂತು ನೋಡಿ. ಹಸಿರು ಬಿದ್ದೊಡನೆ ಎಡ ಅಂಚಿನಲ್ಲಿ ನೇರ ಹೋಗಬೇಕಾದ ಸೈಕಲ್ ಸವಾರನ ಮುಂದೆ ಎಡಕ್ಕೆ ತಿರುಗುವ ಬಸ್ಸು ಅಡ್ಡ ಬರುತ್ತದೆ. ಸವಾರ ಬಸ್ಸಿನ ಹಿಂದಿನ ಚಕ್ರದ ಪಕ್ಕಕ್ಕೆ ಸಿಕ್ಕಿಕೊಳ್ಳುತ್ತಾನೆ. ಚಾಲಕನ ಕನ್ನಡಿಯಲ್ಲಿ ಅವನು ಕಾಣುವುದಿಲ್ಲ. ಡಚ್ ಜಂಕ್ಷನ್ನಿನಲ್ಲಿ ಪ್ರತಿ ಮೂಲೆಗೂ ಒಂದು ಎತ್ತರಿಸಿದ ಪುಟ್ಟ ಕಟ್ಟೆ ಇರುತ್ತದೆ. ಅದು ತಿರುಗುವ ವಾಹನವನ್ನು ನಿಧಾನವಾಗಿ ತಿರುಗುವಂತೆ ಮಾಡುತ್ತದೆ. ಸೈಕಲ್ಲು ಕಟ್ಟೆಯ ಆ ಬದಿಯಲ್ಲಿ ವಾಹನಗಳಿಗಿಂತ ಮುಂದೆ ನಿಂತಿರುತ್ತದೆ. ವಾಹನ ತಿರುಗಿ ಸೈಕಲ್ ಹಾದಿಗೆ ಎದುರಾಗುವ ಹೊತ್ತಿಗೆ ಚಾಲಕನ ಮುಂಗಾಜಿನಲ್ಲೇ ಸವಾರ ನೆಟ್ಟಗೆ ಕಾಣುತ್ತಾನೆ, ಒಂದು ಕಾರು ನಿಲ್ಲುವಷ್ಟು ಜಾಗವೂ ನಡುವೆ ಇರುತ್ತದೆ. ಇಷ್ಟಕ್ಕೆ ಬೇಕಾದದ್ದು ನಾಲ್ಕು ಕಟ್ಟೆ, ಒಂದಿಷ್ಟು ಬಣ್ಣ. ಮೇಲ್ಸೇತುವೆಯ ಒಂದು ಕಂಬದ ಖರ್ಚೂ ಬಾರದು.

ಇದರ ಜೊತೆಗೆ ಡಚ್ ಕಾನೂನು ಸೈಕಲ್ಲಿಗೆ ಡಿಕ್ಕಿ ಹೊಡೆದ ಮೋಟಾರು ವಾಹನದ ಮೇಲೆ ಪರಿಹಾರದ ಹೊಣೆ ಹೊರಿಸುತ್ತದೆ. ಸವಾರ ದೊಡ್ಡವರಾದರೆ, ಅವರದೇ ತಪ್ಪಿದ್ದರೂ, ಸಾಮಾನ್ಯವಾಗಿ ಕನಿಷ್ಠ ಅರ್ಧ. ಹದಿನಾಲ್ಕು ವರ್ಷದೊಳಗಿನ ಮಗುವಾದರೆ ಪೂರ್ತಿ. ಈಗ ಆ ದೇಶದ ಒಟ್ಟು ಪ್ರಯಾಣಗಳಲ್ಲಿ ಕಾಲು ಭಾಗಕ್ಕೂ ಹೆಚ್ಚು ಸೈಕಲ್ಲಿನ ಮೇಲೆ ನಡೆಯುತ್ತವೆ. ರಸ್ತೆ ಸಾವು 3,300ರಿಂದ ಇಳಿದು ವರ್ಷಕ್ಕೆ 700ರ ಆಸುಪಾಸಿಗೆ ಬಂದಿದೆ. ಅಲ್ಲಿಯೂ ಎಲ್ಲ ಮುಗಿದಿಲ್ಲ. ಸಾಯುವವರಲ್ಲಿ ಸೈಕಲ್ ಸವಾರರ ಪಾಲು ಈಗ ದೊಡ್ಡದಾಗಿದೆ, ಅದರಲ್ಲೂ ವಯಸ್ಸಾದವರು ಹೆಚ್ಚು. ಅದರ ಮೇಲೆ ಅವರು ಕೆಲಸ ಮಾಡುತ್ತಲೇ ಇದ್ದಾರೆ.

ನಲವತ್ತು ಡಿಗ್ರಿಯ ಊರು

ಬಿಸಿಲಿನ ಮಾತು ಎತ್ತುವವರಿಗೆ ಸ್ಪೇನಿನ ಸೆವಿಲ್ ಉತ್ತರ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರದು, ರಾಯಚೂರು ಕಲಬುರಗಿಯವರಿಗೆ ಪರಿಚಿತ ಬಿಸಿಲು. 2006ಕ್ಕೂ ಮೊದಲು ಅಲ್ಲಿ ಸೈಕಲ್ ತುಳಿಯುವವರು ಇಲ್ಲವೆನ್ನುವಷ್ಟು ಕಡಿಮೆ. ನಗರ ಯೋಜನೆಯ ಹೊಣೆ ಹೊತ್ತಿದ್ದ ಹೊಸೆ ಗಾರ್ಸಿಯಾ ಸೆಬ್ರಿಯಾನ್ ಮತ್ತು ಜಾಲದ ವಿನ್ಯಾಸ ಮಾಡಿದ ಮಾನುಯೆಲ್ ಕಾಲ್ವೊ ತುಂಡು ತುಂಡಾಗಿ ಕಟ್ಟಲು ಒಪ್ಪಲಿಲ್ಲ. ಸುಮಾರು 80 ಕಿ.ಮೀ. ಪಥವನ್ನು, ಎಲ್ಲವನ್ನೂ ಜೋಡಿಸಿ, ಒಂದೇ ಪಟ್ಟಿಗೆ ಕಟ್ಟಿದರು. ಮುಂದೆ ಅದು 120 ಕಿ.ಮೀ. ಆಯಿತು. ಅದಕ್ಕೆ ಜಾಗ ಬಂದದ್ದು ರಸ್ತೆ ಬದಿಯ ಸುಮಾರು 5,000 ಕಾರು ನಿಲುಗಡೆಗಳನ್ನು ತೆಗೆದದ್ದರಿಂದ. ಹಸಿರು ಬಣ್ಣದ ಪಥ, ರಸ್ತೆಗಿಂತ ಎತ್ತರದಲ್ಲಿ, ನಡುವೆ ಬೇಲಿ ಅಥವಾ ಕಟ್ಟು. ದಿನಕ್ಕೆ ಆರು ಸಾವಿರದಷ್ಟಿದ್ದ ಸೈಕಲ್ ಸವಾರಿ ಕೆಲವೇ ವರ್ಷಗಳಲ್ಲಿ 70 ಸಾವಿರದ ಹತ್ತಿರ ಹೋಯಿತು. ಜನರ ಸ್ವಭಾವ ಇಷ್ಟು ಬೇಗ ಬದಲಾಗುವುದಿಲ್ಲ, ಬದಲಾದದ್ದು ಅವರ ಮುಂದಿದ್ದ ದಾರಿ.

ಸೈಕಲ್ಲುಗಳು ಹೆಚ್ಚಿದಂತೆ ಒಬ್ಬೊಬ್ಬ ಸವಾರನ ಅಪಾಯ ಇಳಿಯುತ್ತದೆ ಎನ್ನುವುದಕ್ಕೂ ಲೆಕ್ಕವಿದೆ. ಪೀಟರ್ ಜೇಕಬ್‌ಸನ್ 2003ರಲ್ಲಿ ಹಲವು ಊರುಗಳ ಅಂಕಿಅಂಶ ಹೋಲಿಸಿ ನೋಡಿದರು. ಸವಾರರು ಎರಡು ಪಟ್ಟಾದಲ್ಲಿ ಗಾಯಗೊಳ್ಳುವವರು ಎರಡು ಪಟ್ಟಾಗುವುದಿಲ್ಲ, ಮೂರನೇ ಒಂದರಷ್ಟು ಮಾತ್ರ ಹೆಚ್ಚುತ್ತಾರೆ. ದಾರಿಯಲ್ಲಿ ಸೈಕಲ್ ಇದ್ದೇ ಇರುತ್ತದೆ ಎಂದು ಚಾಲಕರ ಕಣ್ಣು ಕಾಯುವುದು ರೂಢಿಯಾಗುತ್ತದೆ.

ನಮ್ಮ ನೆಲದಲ್ಲಿ

ಕರ್ನಾಟಕದಲ್ಲಿ ಪ್ರಯತ್ನಗಳೇ ಆಗಿಲ್ಲ ಎಂದರೆ ಅನ್ಯಾಯವಾಗುತ್ತದೆ. ಮೈಸೂರಿನಲ್ಲಿ 2017ರ ಜೂನ್‌ನಲ್ಲಿ 'ಟ್ರಿಣ್ ಟ್ರಿಣ್' ಶುರುವಾಯಿತು. 450 ಸೈಕಲ್, ಊರಿನ ಉದ್ದಗಲಕ್ಕೂ ನಿಲ್ದಾಣ. ಒಂದು ಕಡೆ ತೆಗೆದುಕೊಂಡು ಇನ್ನೊಂದು ಕಡೆ ಬಿಡುವ ವ್ಯವಸ್ಥೆ. ಅರಮನೆ, ಮಾರುಕಟ್ಟೆ, ಕಾಲೇಜು ಎಲ್ಲವೂ ನಾಲ್ಕೈದು ಕಿಲೋಮೀಟರಿನೊಳಗಿರುವ ಮೈಸೂರು ಸೈಕಲ್ಲಿಗೆ ಹೇಳಿ ಮಾಡಿಸಿದ ಊರು. ಅಲ್ಲಿ ಸೈಕಲ್ ಬಂತು. ನಿಲ್ದಾಣದಿಂದ ನಿಲ್ದಾಣಕ್ಕೆ ಕಡಿಯದ ದಾರಿ ಬರಲಿಲ್ಲ. ಬೆಂಗಳೂರಿನ ಜಯನಗರದಲ್ಲಿ ದಶಕದ ಹಿಂದೆಯೇ ಸೈಕಲ್ ಪಥ ಗುರುತಿಸಿದ್ದರು, ಅದರ ಮೇಲೆ ಕಾರು ಬೈಕುಗಳು ನಿಂತವು. 2020ರ ಅಕ್ಟೋಬರ್‌ನಲ್ಲಿ ನಗರ ಭೂಸಾರಿಗೆ ನಿರ್ದೇಶನಾಲಯ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್‌ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಪ್ಲಾಸ್ಟಿಕ್ ಕಂಬ ನೆಟ್ಟು ಸೈಕಲ್ ಪಥ ಬಿಡಿಸಿತು. ಕೋವಿಡ್ ಕಾಲದಲ್ಲಿ ಎಷ್ಟೋ ಜನ ಸೈಕಲ್ ಕೊಂಡಿದ್ದರು, ಹುರುಪು ಇತ್ತು. ಕಂಬಗಳು ಮುರಿದವು, ಬೈಕುಗಳು ನುಗ್ಗಿದವು. ಹುಬ್ಬಳ್ಳಿಯಲ್ಲಿ ಉಣಕಲ್ ನಾಲೆಯ ಬದಿಗೆ ವಾಹನಗಳ ಕಾಟವಿಲ್ಲದ ಸೈಕಲ್ ಹಾದಿ ಕಟ್ಟುವ ಕೆಲಸ ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಆಯಿತು. ಕೆರೆ ಕಾಲುವೆಗಳ ದಂಡೆ ಬಳಸಿಕೊಳ್ಳುವ ಆ ಯೋಚನೆ ನನಗೆ ತುಂಬ ಹಿಡಿಸಿದೆ, ಅದು ಬೇರೆ ಊರುಗಳಿಗೂ ಹೋಗಲಿ.

ಸೈಕಲ್ ಎಂದೊಡನೆ ಪತ್ರಿಕೆಗಳಲ್ಲಿ ಹೆಲ್ಮೆಟ್ ತೊಟ್ಟ ಐಟಿ ಉದ್ಯೋಗಿಯ ಚಿತ್ರ ಬರುತ್ತದೆ. ನಿಜವಾಗಿ ಸೈಕಲ್ ನೆಚ್ಚಿಕೊಂಡವರು ಬೇರೆ. ನಸುಕಿಗೆ ಪೇಪರ್ ಹಾಕುವ ಹುಡುಗರು, ಗಾರೆ ಕೆಲಸಕ್ಕೆ ಹೋಗುವವರು, ರಾತ್ರಿ ಪಾಳಿ ಮುಗಿಸಿ ಬರುವ ಸೆಕ್ಯುರಿಟಿಯವರು, ಕ್ಯಾರಿಯರ್‌ಗೆ ಸೊಪ್ಪಿನ ಮೂಟೆ ಕಟ್ಟಿದವರು. 2011ರ ಜನಗಣತಿಯಂತೆ ದೇಶದಲ್ಲಿ ಹೊಲಮನೆಯ ದುಡಿಮೆ ಬಿಟ್ಟು ಬೇರೆ ಕೆಲಸಕ್ಕೆ ಹೋಗುವವರಲ್ಲಿ ನೂರಕ್ಕೆ ಸುಮಾರು 13 ಮಂದಿ ಸೈಕಲ್ಲಿನಲ್ಲೇ ಹೋಗುತ್ತಿದ್ದರು. ಇವರಿಗೆ ಯಾರೂ ಸೈಕಲ್ ತುಳಿಯಿರಿ ಎಂದು ಹೇಳಬೇಕಿಲ್ಲ. ಕೈಗೆ ಸಾಲದಷ್ಟೇ ಸಂಬಳ ಬಂದರೂ ಕಂತಿನ ಮೇಲೆ ಬೈಕು ಕೊಂಡು ಇವರು ಸೈಕಲ್ ಬಿಡುತ್ತಿದ್ದಾರೆ. ದೂರ ಒಂದು ಕಾರಣ, ಭಯ ಇನ್ನೊಂದು. ಹೊಸಬರನ್ನು ಸೈಕಲ್ಲಿಗೆ ಕರೆತರುವ ಮೊದಲು ಇರುವವರನ್ನು ಜೀವಸಹಿತ ಉಳಿಸಿಕೊಳ್ಳಬೇಕು.

ಇನ್ನು ಶಾಲಾ ಮಕ್ಕಳು. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು. ಒಂದು ತಲೆಮಾರಿನ ಹಳ್ಳಿ ಹೆಣ್ಣುಮಕ್ಕಳು ಆ ಸೈಕಲ್ ತುಳಿದು ಹೈಸ್ಕೂಲ್ ಮುಗಿಸಿದರು. ಕೋವಿಡ್ ಹೊತ್ತಿಗೆ ಯೋಜನೆ ನಿಂತಿತು. 2006ರಲ್ಲೇ ಶುರುವಾದ ಬಿಹಾರದ ಇಂಥದೇ ಯೋಜನೆಯನ್ನು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಧ್ಯಯನ ಮಾಡಿದ್ದಾರೆ. ಹೈಸ್ಕೂಲ್ ಸೇರುವ ಹುಡುಗಿಯರು ಶೇ 32ರಷ್ಟು ಹೆಚ್ಚಿದರು, ಹುಡುಗ ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ತಗ್ಗಿತು. ಶಾಲೆ ಮೂರು ಕಿಲೋಮೀಟರಿಗಿಂತ ದೂರವಿದ್ದ ಹಳ್ಳಿಗಳಲ್ಲೇ ಲಾಭ ಹೆಚ್ಚು. ಸೈಕಲ್ ಯೋಜನೆ ನಮ್ಮಲ್ಲಿ ಮತ್ತೆ ಬರಬೇಕು. ಈ ಸಲ ಸೈಕಲ್ಲಿನ ಜೊತೆಗೆ ದಾರಿಯನ್ನೂ ಕೊಡಬೇಕು.

ಆ ದಾರಿ ಹೇಗಿದೆ ಎಂದು ಹತ್ತಿರದಿಂದ ನೋಡೋಣ. ಹಳ್ಳಿಯಿಂದ ಹೈಸ್ಕೂಲಿರುವ ಹೋಬಳಿ ಊರಿಗೆ ಹೋಗುವ ರಸ್ತೆಗೆ ಮೊನ್ನೆ ಡಾಂಬರು ಬಿದ್ದಿದೆ. ಹಳೆಯ ಪದರದ ಮೇಲೆ ಹೊಸ ಪದರ ಹಾಕಿದ್ದರಿಂದ ಡಾಂಬರಿನ ಅಂಚು ಪಕ್ಕದ ಮಣ್ಣಿಗಿಂತ ಗೇಣೆತ್ತರ ಮೇಲೆದ್ದಿದೆ. ಹಿಂದಿನಿಂದ ಜಲ್ಲಿ ಟಿಪ್ಪರ್ ಹಾರ್ನ್ ಹೊಡೆಯುತ್ತದೆ. ಹುಡುಗಿ ಕೆಳಗಿಳಿಯಬೇಕು. ಇಳಿಯುವಾಗ ಚಕ್ರ ಅಂಚಿಗೆ ಸಿಕ್ಕಿ ಹ್ಯಾಂಡಲ್ ತಿರುಗಿದರೆ ಬೀಳುವುದು ರಸ್ತೆಯ ಕಡೆಗೇ. ಮುಂದೆ ಹೆದ್ದಾರಿ ಸಿಗುತ್ತದೆ. ಶಾಲೆ ಎದುರಿಗೇ ಕಾಣುತ್ತಿದೆ, ಆದರೆ ಡಿವೈಡರ್ ಬಿಟ್ಟಿರುವುದು ಒಂದೂವರೆ ಕಿಲೋಮೀಟರ್ ಆಚೆ. ಮಕ್ಕಳು ರಾಂಗ್ ಸೈಡಿನಲ್ಲಿ ಬರುತ್ತಾರೆ, ಇಲ್ಲವೇ ಸೈಕಲ್ ಎತ್ತಿ ಡಿವೈಡರ್ ದಾಟಿಸುತ್ತಾರೆ. ಅಪಘಾತವಾದರೆ "ನಿಯಮ ಪಾಲಿಸಲಿಲ್ಲ" ಎನ್ನುತ್ತೇವೆ. ದಿನಾ ಹೋಗುವಾಗಲೇ ಮೂರು ಕಿಲೋಮೀಟರ್ ಹೆಚ್ಚು ತುಳಿಯಬೇಕೆಂಬ ನಿಯಮವನ್ನು ಯಾವ ಮಗುವೂ ಪಾಲಿಸಲಾರದು. ಊರೊಳಗೆ ಬಂದರೆ ಚರಂಡಿ ಜಾಲರಿಯ ಸರಳುಗಳು ರಸ್ತೆಯ ಉದ್ದಕ್ಕೇ ಇವೆ, ಸೈಕಲ್ ಚಕ್ರ ಸಲೀಸಾಗಿ ಒಳಗಿಳಿಯುತ್ತದೆ. ಸರಳನ್ನು ಅಡ್ಡಕ್ಕೆ ಹಾಕಿದ್ದರೆ ಒಂದು ರೂಪಾಯಿಯೂ ಹೆಚ್ಚು ಆಗುತ್ತಿರಲಿಲ್ಲ.

ಇವೆಲ್ಲ ಸರಿಪಡಿಸಬಹುದಾದ ಸಂಗತಿಗಳು, ಸರಿಪಡಿಸಲು ಜಾಗಗಳೂ ಇವೆ. ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ಇದೆ. ಲೋಕೋಪಯೋಗಿ ಇಲಾಖೆ, ಪೊಲೀಸ್, ಸಾರಿಗೆ ಇಲಾಖೆಯವರು ಅಲ್ಲಿ ಒಂದೇ ಮೇಜಿಗೆ ಕೂರುತ್ತಾರೆ. ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ, ಅದರಲ್ಲಿ ಹೆತ್ತವರೇ ಸದಸ್ಯರು. ಮಕ್ಕಳು ಯಾವ್ಯಾವ ದಾರಿಯಲ್ಲಿ ಬರುತ್ತಾರೆ, ಎಲ್ಲಿ ಬೀಳುತ್ತಾರೆ, ಎಲ್ಲಿ ಇಳಿದು ತಳ್ಳಿಕೊಂಡು ದಾಟುತ್ತಾರೆ ಎನ್ನುವುದನ್ನು ಒಂದು ಹಾಳೆಯ ಮೇಲೆ ಗುರುತು ಮಾಡಿ, ಮೊಬೈಲಿನಲ್ಲಿ ನಾಲ್ಕು ಫೋಟೊ ತೆಗೆದು ರಸ್ತೆ ಸುರಕ್ಷತಾ ಸಮಿತಿಯ ಮುಂದಿಡಬಹುದು. ಡಚ್ ತಾಯಂದಿರು ಮೊದಲು ಮಾಡಿದ್ದೂ ಇಂಥ ಪಟ್ಟಿಯನ್ನೇ. ಕೇಳಬೇಕಾದದ್ದು ದೊಡ್ಡದಲ್ಲ. ಶಾಲೆಯ ಸುತ್ತ ಅರ್ಧ ಕಿಲೋಮೀಟರಿನಲ್ಲಿ ವಾಹನ 30ಕ್ಕೆ ಇಳಿಯುವಂತೆ ಎತ್ತರಿಸಿದ ದಾಟುಪಟ್ಟಿ, ಮಕ್ಕಳು ನಿಜವಾಗಿ ದಾಟುವ ಜಾಗದಲ್ಲೇ ಡಿವೈಡರ್‌ನಲ್ಲಿ ಸೈಕಲ್ ಹಿಡಿಯುವಷ್ಟು ಬಿಡುವು, ಅಲ್ಲೊಂದು ದೀಪ, ಅಡ್ಡ ಸರಳಿನ ಜಾಲರಿ, ಡಾಂಬರಿನ ಅಂಚಿಗೆ ಸಮನಾಗಿ ಗಟ್ಟಿಸಿದ ಒಂದೂವರೆ ಮೀಟರ್ ಮಣ್ಣು.

ಈ ಕೊನೆಯದನ್ನು ಡಾಂಬರು ಬೀಳುವ ಮೊದಲೇ ಕೇಳಬೇಕು. ಅಂದಾಜುಪಟ್ಟಿ ಆಗುವಾಗ ರಸ್ತೆಬದಿಗೆ ಮಣ್ಣು ತುಂಬಿ ಗಟ್ಟಿಸುವ ಬಾಬ್ತು ಸೇರಿತೆಂದರೆ ಗುತ್ತಿಗೆದಾರ ಅದನ್ನು ಮಾಡಿಕೊಡಲೇಬೇಕು. ಬಿಲ್ಲು ಪಾಸಾದ ಮೇಲೆ ಅದೇ ರಸ್ತೆಗೆ ಮತ್ತೆ ಹಣ ಬರಲು ವರ್ಷಗಟ್ಟಲೆ ಕಾಯಬೇಕು. ಆದ್ದರಿಂದ ನಿಮ್ಮೂರ ರಸ್ತೆಗೆ ಯಾವಾಗ ಟೆಂಡರ್ ಆಗುತ್ತದೆ ಎಂದು ಪಂಚಾಯಿತಿಯಲ್ಲೋ ಲೋಕೋಪಯೋಗಿ ಇಲಾಖೆಯ ಉಪವಿಭಾಗ ಕಚೇರಿಯಲ್ಲೋ ಈಗಲೇ ವಿಚಾರಿಸಿ, ಮಕ್ಕಳ ದಾರಿಯ ಆ ಹಾಳೆಯನ್ನು ಅರ್ಜಿಯ ಜೊತೆ ಲಗತ್ತಿಸಿ ಕೊಡಿ, ಸ್ವೀಕೃತಿ ಪಡೆದುಕೊಳ್ಳಿ.